ಕಾಣದೆ ಹೋಗುವ ನೀರಿಗೆ ಲೆಕ್ಕ ಬರೆದವನು

ಏಪ್ರಿಲ್ ತಿಂಗಳಲ್ಲಿ ಕಾಗವಾಡದಿಂದ ಹೊರಟು ಅಥಣಿ ದಾಟಿ ತೆಲಸಂಗದ ಕಡೆಗೆ ಪ್ರಯಾಣ ಮಾಡುವವರು ಒಂದೇ ದಿನದಲ್ಲಿ ಎರಡು ಬಗೆಯ ಬರಡನ್ನು ನೋಡಬಹುದು. ಕೃಷ್ಣೆಯ ದಂಡೆಯ ತಗ್ಗು ಹೊಲಗಳಲ್ಲಿ ಹಸಿರು ಕಬ್ಬಿನ ನಡುವೆ ಅಲ್ಲಲ್ಲಿ ಬಿಳಿಯ ಪೊರೆ ಕಟ್ಟಿದ ನೆಲ ಕಾಣುತ್ತದೆ. ನಮ್ಮ ಕಡೆಯವರು ಅದಕ್ಕೆ ಸವಳು ಎನ್ನುತ್ತಾರೆ. ಅಲ್ಲಿ ನೀರಿಗೆ ಕೊರತೆಯಿಲ್ಲ, ಅತಿಯಾದ ನೀರೇ ಬೆಳೆಯನ್ನು ಕೊಂದಿದೆ. ಪೂರ್ವಕ್ಕೆ ಹೋದಂತೆ ಎರೆಭೂಮಿ ಬಾಯ್ಬಿಟ್ಟು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಅಲ್ಲಿ ಹಿಂಗಾರಿ ಜೋಳದ ಕೂಳೆಯಷ್ಟೇ ಉಳಿದಿರುತ್ತದೆ. ಒಂದು ಕಡೆ ನೀರು ಹೆಚ್ಚಾಗಿ ಹಾಳು, ಇನ್ನೊಂದು ಕಡೆ ನೀರಿಲ್ಲದೆ ಹಾಳು. ಇವೆರಡೂ ವಿರುದ್ಧ ಕಾಯಿಲೆಗಳೆಂದು ನಾನು ಬಹುಕಾಲ ನಂಬಿದ್ದೆ. ಎರಡರ ಹಿಂದೆಯೂ ಇರುವುದು ಒಂದೇ ಕ್ರಿಯೆ, ನೆಲದಿಂದ ನೀರು ಯಾರ ಕಣ್ಣಿಗೂ ಬೀಳದೆ ಆವಿಯಾಗಿ ಏಳುವುದು, ಎಂದು ತಿಳಿದದ್ದು ತಡವಾಗಿ.

ತಡವಾಗಿ ಎನ್ನಲು ಕಾರಣವಿದೆ. ನಾನು ಹುಟ್ಟಿದ್ದು ಕೃಷ್ಣೆಯ ದಂಡೆಯ, ಈಗ ಕಾಗವಾಡ ತಾಲೂಕಿಗೆ ಸೇರಿದ ಒಂದು ಹಳ್ಳಿಯಲ್ಲಿ. ದುಡಿದದ್ದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿ. ಮೂರು ದಶಕಗಳ ಕಾಲ ಪ್ರತಿ ಜುಲೈನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಜಾನ್ ಡಾಲ್ಟನ್ನನ ಪರಮಾಣು ಸಿದ್ಧಾಂತವನ್ನು ಬೋಧಿಸಿದೆ. ಪಠ್ಯಪುಸ್ತಕದಲ್ಲಿ ಅವನ ಚಿತ್ರವಿತ್ತು, ಇಸವಿಗಳಿದ್ದವು, ನಾಲ್ಕಾರು ನಿಯಮಗಳಿದ್ದವು. ಅದೇ ಮನುಷ್ಯ ಪರಮಾಣುವಿನ ಮಾತೆತ್ತುವ ಮೊದಲು ಒಂದು ತಗಡಿನ ಪಾತ್ರೆಯಲ್ಲಿ ಮಣ್ಣು ತುಂಬಿ, ಅದನ್ನು ನೆಲದಲ್ಲಿ ಹೂಳಿ, ಮೂರು ವರ್ಷ ಅದರ ಮೇಲೆ ಬಿದ್ದ ಮಳೆಯ ಲೆಕ್ಕವಿಟ್ಟಿದ್ದ ಎಂಬುದು ನನಗೂ ಗೊತ್ತಿರಲಿಲ್ಲ. ನಮ್ಮ ಹೊಲದ ಕೆಳಗಿನ ಎರಡು ಎಕರೆ ಸವಳಿಗೆ ಬಿದ್ದ ಮೇಲೆ, ನಿವೃತ್ತಿಯ ಬಿಡುವಿನಲ್ಲಿ ಕಾರಣ ಹುಡುಕುತ್ತ ಹೋದವನಿಗೆ ಆ ಪಾತ್ರೆಯ ಸಂಗತಿ ಎದುರಾಯಿತು. ಅಂದಿನಿಂದ ನನ್ನ ಪಾಲಿಗೆ ಡಾಲ್ಟನ್ ಪರಮಾಣುವಿನ ಡಾಲ್ಟನ್ ಮಾತ್ರವಾಗಿ ಉಳಿಯಲಿಲ್ಲ.

ಡಾಲ್ಟನ್ ಹುಟ್ಟಿದ್ದು 1766ರ ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬರ್ಲೆಂಡ್ ಪ್ರಾಂತ್ಯದ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ತಂದೆ ನೇಕಾರ. ಮನೆತನ ಕ್ವೇಕರ್ ಪಂಥದ್ದು. ಆಡಂಬರ ಬೇಡ, ಆಣೆ ಪ್ರಮಾಣ ಬೇಡ, ಬಣ್ಣದ ಬಟ್ಟೆ ಬೇಡ ಎನ್ನುವ ಸರಳರ ಪಂಥ ಅದು. ರಾಜಧರ್ಮದ ಚರ್ಚಿಗೆ ಸೇರದವರಿಗೆ ಆಗ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ಸಿಗುವಂತಿರಲಿಲ್ಲ. ಹೀಗಾಗಿ ಈ ಹುಡುಗನಿಗೆ ವಿಶ್ವವಿದ್ಯಾಲಯ ಹುಟ್ಟಿನಿಂದಲೇ ಮುಚ್ಚಿದ ಬಾಗಿಲು. ಆದರೆ ಅದೇ ಪಂಥದ, ಹವಾಮಾನದ ವೀಕ್ಷಣೆಯಲ್ಲಿ ಆಸಕ್ತಿಯಿದ್ದ ಎಲಿಹು ರಾಬಿನ್ಸನ್ ಎಂಬ ಅನುಕೂಲಸ್ಥ ಅವನ ಬುದ್ಧಿಯನ್ನು ಗುರುತಿಸಿ ಗಣಿತ ಕಲಿಸಿದ. ಹನ್ನೆರಡನೆಯ ವಯಸ್ಸಿಗೇ ಹುಡುಗ ಊರಿನಲ್ಲಿ ಶಾಲೆ ತೆರೆದು ತನ್ನ ಓರಗೆಯವರಿಗೆ ಪಾಠ ಹೇಳತೊಡಗಿದ. ಹೊಲದ ಕೆಲಸವನ್ನೂ ಮಾಡಿದ.

1781ರಲ್ಲಿ, ಹದಿನೈದರ ಹರೆಯದಲ್ಲಿ, ಕೆಂಡಾಲ್ ಪಟ್ಟಣದ ಕ್ವೇಕರ್ ಶಾಲೆಗೆ ಅಣ್ಣನ ಜೊತೆ ಉಪಾಧ್ಯಾಯನಾಗಿ ಹೋದ. ಅಲ್ಲಿ ಅವನಿಗೆ ದೊರೆತ ಗುರು ಜಾನ್ ಗಾಫ್. ಬಾಲ್ಯದಲ್ಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡಿದ್ದರೂ ಗಾಫ್ ಗಣಿತ, ಲ್ಯಾಟಿನ್, ಗ್ರೀಕ್, ಸಸ್ಯಶಾಸ್ತ್ರಗಳಲ್ಲಿ ಪಾರಂಗತ. ಗಿಡಗಳನ್ನು ಬೆರಳಿನಿಂದ ಮುಟ್ಟಿ ಗುರುತಿಸುತ್ತಿದ್ದನಂತೆ. ಹವಾಮಾನದ ದಿನಚರಿ ಬರೆಯುವಂತೆ ಡಾಲ್ಟನ್ನನಿಗೆ ಹೇಳಿದವನು ಈತನೇ. 1787ರ ಮಾರ್ಚ್ 24ರಂದು ಡಾಲ್ಟನ್ ಮೊದಲ ಪುಟ ಬರೆದ. ವಾಯುಭಾರ, ಉಷ್ಣತೆ, ಗಾಳಿಯ ದಿಕ್ಕು, ಮಳೆ. ಅಂದು ಆರಂಭವಾದ ಈ ರೂಢಿ ಐವತ್ತೇಳು ವರ್ಷ ನಡೆಯಿತು. ಒಟ್ಟು ನಮೂದುಗಳು ಎರಡು ಲಕ್ಷವನ್ನು ಮೀರಿದವು ಎನ್ನುತ್ತಾರೆ.

ದುಬಾರಿ ಉಪಕರಣಗಳನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ವಾಯುಭಾರಮಾಪಕ, ಉಷ್ಣಮಾಪಕಗಳನ್ನು ತಾನೇ ತಯಾರಿಸಿಕೊಂಡ. ಗಾಳಿಯಲ್ಲಿ ಎಷ್ಟು ನೀರಾವಿ ಇದೆ ಎಂದು ತಿಳಿಯಲು ಅವನು ಬಳಸಿದ ಸಾಧನ ಒಂದು ಗಾಜಿನ ಲೋಟ. ಬಾವಿಯ ತಣ್ಣೀರನ್ನು ಅದರಲ್ಲಿ ತುಂಬಿದರೆ ಹೊರಮೈಯಲ್ಲಿ ಹನಿ ಕಟ್ಟುತ್ತದೆ. ಒರೆಸಿ, ನೀರು ತುಸು ಬೆಚ್ಚಗಾದ ಮೇಲೆ ಮತ್ತೆ ನೋಡಬೇಕು. ಯಾವ ಉಷ್ಣತೆಯಲ್ಲಿ ಹನಿ ಕಟ್ಟುವುದು ನಿಲ್ಲುತ್ತದೆಯೋ ಅದೇ ಆ ಹೊತ್ತಿನ ಇಬ್ಬನಿಯ ಬಿಂದು. ಪ್ರತಿ ಬೇಸಿಗೆಯಲ್ಲೂ ಹುಟ್ಟೂರಿನ ಕಡೆಯ ಬೆಟ್ಟಗಳನ್ನು ಹತ್ತಿ, ಹೆಲ್ವೆಲಿನ್ ಶಿಖರದಲ್ಲೂ ಇಂಥ ಅಳತೆಗಳನ್ನು ಮಾಡಿ ಇಳಿಯುತ್ತಿದ್ದ.

1793ರಲ್ಲಿ ಅವನು ಮ್ಯಾಂಚೆಸ್ಟರ್‌ಗೆ ಬಂದ. ಕ್ವೇಕರರಂತೆಯೇ ರಾಜಧರ್ಮದಿಂದ ಹೊರಗುಳಿದವರು ನಡೆಸುತ್ತಿದ್ದ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕನಾದ. ಅದೇ ವರ್ಷ ಹವಾಮಾನ ವೀಕ್ಷಣೆಗಳ ಕುರಿತ ಅವನ ಮೊದಲ ಪುಸ್ತಕ ಪ್ರಕಟವಾಯಿತು. ಮರುವರ್ಷ ಊರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಸದಸ್ಯನಾದ. ಮುಂದಿನ ಐವತ್ತು ವರ್ಷ ಅವನ ಬದುಕು ಆ ಸಂಘದ ಸುತ್ತಲೇ ಸುತ್ತಿತು.

ಆ ಕಾಲದ ಪಂಡಿತರನ್ನು ಕಾಡುತ್ತಿದ್ದ ಒಂದು ಪ್ರಶ್ನೆಯಿತ್ತು. ಬೇಸಿಗೆಯಲ್ಲೂ ಬತ್ತದ ನದಿ, ಒರತೆಗಳಿಗೆ ನೀರು ಎಲ್ಲಿಂದ ಬರುತ್ತದೆ? ಮಳೆಯೊಂದೇ ಸಾಕೇ ಅಥವಾ ಭೂಗರ್ಭದಲ್ಲಿ ಬೇರೆ ಜಲನಿಧಿ ಇದೆಯೇ? ವಾದಗಳು ಬಹಳವಿದ್ದವು, ಅಳತೆ ಕಡಿಮೆಯಿತ್ತು. ಡಾಲ್ಟನ್ ಈ ಪ್ರಶ್ನೆಯನ್ನು ಅಂಗಡಿಯವನ ಜಮಾಖರ್ಚಿನ ಹಾಗೆ ನೋಡಿದ. ನೆಲಕ್ಕೆ ಬಂದದ್ದು ಮಳೆ ಮತ್ತು ಇಬ್ಬನಿ. ನೆಲದಿಂದ ಹೋದದ್ದು ನದಿಯ ನೀರು ಮತ್ತು ಆವಿ. ಮಳೆಯನ್ನು ಅಳೆಯಬಹುದು. ನದಿಯ ಹರಿವನ್ನು ಅಂದಾಜಿಸಬಹುದು. ಕಣ್ಣಿಗೆ ಕಾಣದ ಆವಿಯನ್ನು ಹಿಡಿಯುವುದು ಹೇಗೆ?

ಇದಕ್ಕೆ ಅವನು ಗೆಳೆಯ ಥಾಮಸ್ ಹಾಯ್ಲ್ ಜೊತೆ ಸೇರಿ ಕಂಡುಕೊಂಡ ಉಪಾಯ ಇಂದಿಗೂ ಬೆರಗು ಹುಟ್ಟಿಸುವಷ್ಟು ಸರಳವಾದದ್ದು. ಹತ್ತು ಅಂಗುಲ ವ್ಯಾಸದ, ಮೂರು ಅಡಿ ಆಳದ ತಗಡಿನ ಕೊಳವೆಪಾತ್ರೆಯೊಂದನ್ನು ಮಾಡಿಸಿದರು. ತಳದಲ್ಲಿ ಒಂದು ನಳಿಗೆ, ಮೇಲಂಚಿನ ಹತ್ತಿರ ಇನ್ನೊಂದು. ಅಡಿಗೆ ಜಲ್ಲಿ ಮತ್ತು ಮರಳು, ಮೇಲೆ ಮಣ್ಣು ತುಂಬಿ, ಸುತ್ತಲಿನ ನೆಲದ ಮಟ್ಟಕ್ಕೆ ಬರುವಂತೆ ಹೂತರು. ಪಕ್ಕದಲ್ಲಿ ಮಳೆಮಾಪಕವಿಟ್ಟರು. ಮೇಲಿನ ನಳಿಗೆಯಿಂದ ಹರಿದು ಹೋದದ್ದು, ಕೆಳಗಿನ ನಳಿಗೆಯಿಂದ ಬಸಿದದ್ದು ಸೀಸೆಗಳಲ್ಲಿ ಸೇರುತ್ತಿತ್ತು. ಬಿದ್ದ ಮಳೆಯಿಂದ ಸೀಸೆಯ ನೀರನ್ನು ಕಳೆದರೆ ಉಳಿದದ್ದು ಆಕಾಶದ ಪಾಲು. ಮೊದಲ ವರ್ಷ ಮಣ್ಣು ಬರಿದಾಗಿತ್ತು. ಆಮೇಲಿನ ಎರಡು ವರ್ಷ ಹುಲ್ಲು ಬೆಳೆದು ಸಾಧಾರಣ ಹೊಲದಂತಾಯಿತು.

1796ರಿಂದ 1798ರವರೆಗೆ ಮೂರು ವರ್ಷ ಲೆಕ್ಕ ನಡೆಯಿತು. ಸರಾಸರಿ ವರ್ಷಕ್ಕೆ ಬಿದ್ದ ಮಳೆ ಸುಮಾರು 33.5 ಅಂಗುಲ, ಅಂದರೆ 850 ಮಿಲಿಮೀಟರ್. ಪಾತ್ರೆಯಿಂದ ನೀರಾಗಿ ಹೊರಬಂದದ್ದು ಸುಮಾರು 8.4 ಅಂಗುಲ. ಉಳಿದ 25 ಅಂಗುಲ ಗಾಳಿಗೆ ಸೇರಿತ್ತು. ಮೋಡ ಕವಿದ, ತಂಪಾದ, ಮಳೆಯ ಊರೆಂದೇ ಹೆಸರಾದ ಮ್ಯಾಂಚೆಸ್ಟರ್‌ನಲ್ಲಿ ನಾಲ್ಕರಲ್ಲಿ ಮೂರು ಪಾಲು ಮಳೆ ಮರಳಿ ಮೇಲೇರುತ್ತಿತ್ತು.

1799ರಲ್ಲಿ ಸಂಘದ ಮುಂದೆ ಓದಿದ ಪ್ರಬಂಧದಲ್ಲಿ ಡಾಲ್ಟನ್ ಈ ಲೆಕ್ಕವನ್ನು ಇಡೀ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹರಡಿದ. ಮಳೆಯೇ ನದಿಗಳಿಗೂ ಒರತೆಗಳಿಗೂ ಸಾಕು, ಭೂಗರ್ಭದ ರಹಸ್ಯ ನಿಧಿ ಬೇಕಿಲ್ಲ ಎಂಬ ತೀರ್ಮಾನಕ್ಕೆ ಬಂದ. ಆದರೆ ಅವನ ಎರಡು ಬದಿಯ ಮೊತ್ತಗಳು ಸರಿಯಾಗಿ ಕೂಡಲಿಲ್ಲ. ಇಬ್ಬನಿಯನ್ನು ಅವನು ವರ್ಷಕ್ಕೆ ಐದು ಅಂಗುಲ ಎಂದು ಎಣಿಸಿದ್ದ. ಅದು ಹೆಚ್ಚಾಯಿತೆಂದು ಈಗ ಗೊತ್ತಿದೆ. ಒಂದು ಪಾತ್ರೆಯ ಮಣ್ಣು ಇಡೀ ದೇಶದ ಮಣ್ಣಿನ ಪ್ರತಿನಿಧಿಯೂ ಆಗಲಾರದು. ಅವನ ಹಿರಿಮೆಯೆಂದರೆ ಕೂಡದ ಮೊತ್ತವನ್ನು ಕೂಡಿದಂತೆ ತೋರಿಸಲು ಹೋಗಲಿಲ್ಲ. ಅಂತರವನ್ನು ಅಂತರವೆಂದೇ ಕಾಗದದ ಮೇಲೆ ಬಿಟ್ಟ.

ಎಷ್ಟು ಆವಿಯಾಯಿತು ಎಂಬುದರ ಬೆನ್ನಲ್ಲೇ ಏಕೆ ಅಷ್ಟು ಎಂಬ ಪ್ರಶ್ನೆ ಹುಟ್ಟುತ್ತದೆ. ಅದಕ್ಕೆ ಅವನ ಉತ್ತರ 1802ರಲ್ಲಿ ಪ್ರಕಟವಾಯಿತು. ಬಟ್ಟಲಲ್ಲಿ ನೀರಿಟ್ಟು, ತಕ್ಕಡಿಯಲ್ಲಿ ತೂಗಿ, ಬೇರೆ ಬೇರೆ ಉಷ್ಣತೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದ. ನೀರಿನ ಮೇಲ್ಮೈಯಲ್ಲಿ ಆವಿಗೆ ಒಂದು ಒತ್ತಡವಿದೆ. ಅದು ಶಾಖದೊಂದಿಗೆ ಬೇಗ ಬೇಗ ಏರುತ್ತದೆ. ಗಾಳಿಯಲ್ಲಿ ಈಗಾಗಲೇ ಇರುವ ಆವಿಗೂ ಒಂದು ಒತ್ತಡವಿದೆ. ಈ ಎರಡರ ಅಂತರ ಎಷ್ಟು ಹೆಚ್ಚೋ ಆವಿಯಾಗುವ ವೇಗ ಅಷ್ಟು ಹೆಚ್ಚು. ಗಾಳಿ ಬೀಸಿದರೆ ವೇಗ ಮತ್ತಷ್ಟು ಏರುತ್ತದೆ. ನಿಶ್ಚಲ ಗಾಳಿ, ಸಾಧಾರಣ ಗಾಳಿ, ಬಿರುಸು ಗಾಳಿ ಎಂಬ ಮೂರು ಸ್ಥಿತಿಗಳಿಗೂ ಅವನು ಕೋಷ್ಟಕ ಕೊಟ್ಟ. ಆಷಾಢದಲ್ಲಿ ಗಾಳಿ ಎಷ್ಟು ಬೀಸಿದರೂ ಒಗೆದ ಬಟ್ಟೆ ಒಣಗುವುದಿಲ್ಲ, ಚೈತ್ರದಲ್ಲಿ ಹಿಂಡಿ ಹಾಕುವಷ್ಟರಲ್ಲಿ ಒಣಗುತ್ತದೆ ಎಂಬುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಡಾಲ್ಟನ್ ಅದನ್ನು ಅಂಕಿಗೆ ತಂದ.

ಪರಮಾಣುವಿನ ಕಲ್ಪನೆ ಬೆಳೆದದ್ದೂ ಈ ಮಣ್ಣು, ನೀರು, ಗಾಳಿಗಳ ಚಿಂತನೆಯಿಂದಲೇ. ಗಾಳಿಯೊಳಗೆ ನೀರಾವಿ ಹೇಗೆ ಇರುತ್ತದೆ, ಬೇರೆ ಬೇರೆ ಅನಿಲಗಳು ಪರಸ್ಪರ ಬೆರೆತೂ ತಮ್ಮ ತಮ್ಮ ಒತ್ತಡವನ್ನು ಹೇಗೆ ಉಳಿಸಿಕೊಳ್ಳುತ್ತವೆ ಎಂದು ಯೋಚಿಸುತ್ತ ಹೋದವನು 1803ರ ಹೊತ್ತಿಗೆ ಪರಮಾಣುಗಳ ತೂಕದ ಮೊದಲ ಪಟ್ಟಿಯನ್ನು ಬರೆದ. 1808ರಲ್ಲಿ ಅದು ಗ್ರಂಥವಾಯಿತು. ನೀರಿನಲ್ಲಿ ಒಂದು ಜಲಜನಕ, ಒಂದು ಆಮ್ಲಜನಕ ಎಂದು ತಪ್ಪಾಗಿ ಎಣಿಸಿದ್ದರಿಂದ ಕೆಲವು ತೂಕಗಳು ತಪ್ಪಿದವು. ದಾರಿ ಮಾತ್ರ ತಪ್ಪಿರಲಿಲ್ಲ.

1800ರಲ್ಲಿ ಕಾಲೇಜು ಬಿಟ್ಟ ಮೇಲೆ ಅವನ ಜೀವನೋಪಾಯ ಮನೆಪಾಠ. ಕೀರ್ತಿ ಯುರೋಪಿನಾದ್ಯಂತ ಹಬ್ಬಿದ್ದರೂ ವ್ಯಾಪಾರಿಗಳ ಮಕ್ಕಳಿಗೆ ಗಣಿತ ಹೇಳಿಕೊಟ್ಟೇ ಅವನು ಬದುಕಿದ. ಮದುವೆಯಾಗಲಿಲ್ಲ. ಗುರುವಾರ ಮಧ್ಯಾಹ್ನ ಚೆಂಡಾಟ, ಬೇಸಿಗೆಯಲ್ಲಿ ಬೆಟ್ಟ, ಉಳಿದ ದಿನಗಳೆಲ್ಲ ಪಾಠ ಮತ್ತು ಪ್ರಯೋಗ. ಅವನು ಕಿಟಕಿ ತೆರೆದು ಉಷ್ಣಮಾಪಕ ನೋಡುವುದನ್ನು ಕಂಡು ನೆರೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೆಂಬ ಕಥೆಯಿದೆ. 1822ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಹುಟ್ಟಿನಿಂದ ಬಾಗಿಲು ಮುಚ್ಚಿದ್ದ ಆಕ್ಸ್‌ಫರ್ಡ್ 1832ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಮರುವರ್ಷ ಸರ್ಕಾರ 150 ಪೌಂಡಿನ ವಾರ್ಷಿಕ ವೇತನ ಗೊತ್ತುಮಾಡಿತು.

ಆ ಡಾಕ್ಟರೇಟಿನ ನಿಲುವಂಗಿ ಕಡುಗೆಂಪು. ಕ್ವೇಕರನಿಗೆ ಅದು ನಿಷಿದ್ಧ. ಆದರೆ 1834ರಲ್ಲಿ ರಾಜನ ಭೇಟಿಗೆ ಅವನು ಅದನ್ನೇ ತೊಟ್ಟು ನಿರಾತಂಕವಾಗಿ ಹೋದನಂತೆ. ಏಕೆಂದರೆ ಅವನ ಕಣ್ಣಿಗೆ ಆ ಬಣ್ಣ ಮಣ್ಣಿನ ಬಣ್ಣವಾಗಿ ಕಾಣುತ್ತಿತ್ತು. ಅವನಿಗೆ ವರ್ಣಾಂಧತೆಯಿತ್ತು. ಅದನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಅವನೂ ಒಬ್ಬ. 1794ರಲ್ಲಿ ಸಂಘದ ಮುಂದೆ ಅವನು ಓದಿದ ಮೊದಲ ಪ್ರಬಂಧವೇ ಅದರ ಮೇಲೆ. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂಬುದು ಅವನ ಊಹೆ. ಸತ್ತ ಮೇಲೆ ಕಣ್ಣು ತೆಗೆದು ಪರೀಕ್ಷಿಸಬೇಕೆಂದು ಹೇಳಿಟ್ಟಿದ್ದ. ವೈದ್ಯರು ನೋಡಿದಾಗ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟ ಆ ಕಣ್ಣಿನ ಅಂಶದಿಂದ ಡಿಎನ್ಎ ಪರೀಕ್ಷೆ ನಡೆಸಿ, ಹಸಿರನ್ನು ಗ್ರಹಿಸುವ ವರ್ಣದ್ರವ್ಯದ ಕೊರತೆಯೇ ಕಾರಣವೆಂದು 1995ರಲ್ಲಿ ವಿಜ್ಞಾನಿಗಳು ತೋರಿಸಿದರು. ತನ್ನ ಊಹೆಯನ್ನು ತನ್ನ ಮರಣದಾಚೆಗೂ ಪರೀಕ್ಷೆಗೆ ಒಡ್ಡಿದ ಮನುಷ್ಯ ಅವನು.

ಡಾಲ್ಟನ್ನನ ನಿಯಮಕ್ಕೆ ಒಂದು ಮಿತಿಯಿತ್ತು. ನೀರಿನ ಮೇಲ್ಮೈ ಎಷ್ಟು ಬಿಸಿಯಾಗಿದೆ ಎಂಬುದು ಗೊತ್ತಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಹೊಲದ ಮಣ್ಣಿನ ಮೈಶಾಖವನ್ನು ದಿನವೂ ಅಳೆಯುವವರು ಯಾರು? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊವರ್ಡ್ ಪೆನ್‌ಮನ್ 1948ರಲ್ಲಿ ಇದಕ್ಕೆ ಪರಿಹಾರ ಕಂಡ. ನೀರು ಆವಿಯಾಗಲು ಶಾಖ ಬೇಕು, ಆ ಶಾಖ ಬರುವುದು ಸೂರ್ಯನಿಂದ. ಡಾಲ್ಟನ್ನನ ನಿಯಮಕ್ಕೆ ಸೂರ್ಯಶಾಖದ ಲೆಕ್ಕವನ್ನು ಜೋಡಿಸಿ, ಸಾಮಾನ್ಯ ಹವಾಮಾನ ಕೇಂದ್ರದ ನಾಲ್ಕು ಅಂಕಿಗಳಿಂದಲೇ ಆವಿಯ ಪ್ರಮಾಣವನ್ನು ಪಡೆಯುವ ಸೂತ್ರವನ್ನು ಅವನು ಕೊಟ್ಟ. ಬಿಸಿಲು, ಉಷ್ಣತೆ, ತೇವ, ಗಾಳಿಯ ವೇಗ, ಇಷ್ಟೇ ಬೇಕಾದದ್ದು. 1965ರಲ್ಲಿ ಮಾಂಟೀತ್ ಅದನ್ನು ಬೆಳೆಗೆ ಹೊಂದಿಸಿದ. 1998ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅದನ್ನೇ ಜಗತ್ತಿಗೆಲ್ಲ ಮಾನದಂಡವಾಗಿ ಒಪ್ಪಿತು.

ಅದೇ ವರ್ಷ ನೆದರ್ಲೆಂಡ್ಸ್‌ನ ಬಾಸ್ಟಿಯಾನ್ಸನ್ ಮತ್ತು ಸಂಗಡಿಗರು ಉಪಗ್ರಹದ ಚಿತ್ರಗಳಿಂದ ಆವಿಯನ್ನು ಅಂದಾಜಿಸುವ ವಿಧಾನವನ್ನು ಪ್ರಕಟಿಸಿದರು. ಅದರ ತಿರುಳು ಹೀಗಿದೆ. ಉಪಗ್ರಹಕ್ಕೆ ಆವಿ ಕಾಣುವುದಿಲ್ಲ, ನೆಲದ ಮೈಶಾಖ ಕಾಣುತ್ತದೆ. ಬೆವರುವ ದೇಹ ತಂಪಾಗಿರುವಂತೆ ಆವಿ ಬಿಡುವ ನೆಲ ತಂಪಾಗಿರುತ್ತದೆ, ಒಣನೆಲ ಕಾಯುತ್ತದೆ. ಬಿಸಿಲಿನಿಂದ ನೆಲಕ್ಕೆ ಸಂದ ಶಕ್ತಿಯಲ್ಲಿ ಮಣ್ಣನ್ನು ಕಾಯಿಸಲು ಹೋದದ್ದನ್ನೂ ಗಾಳಿಯನ್ನು ಕಾಯಿಸಲು ಹೋದದ್ದನ್ನೂ ಕಳೆದರೆ ಉಳಿದದ್ದು ನೀರನ್ನು ಆವಿ ಮಾಡಲು ಹೋದ ಶಕ್ತಿ. ಈ ಲೆಕ್ಕವನ್ನು ಹದಗೊಳಿಸಲು ಒಂದೇ ಚಿತ್ರದೊಳಗೆ ಎರಡು ಗುರುತುಗಳು ಬೇಕು. ಏನೂ ಆವಿಯಾಗದ ಅತಿ ಬಿಸಿಯ ಒಣನೆಲ ಒಂದು, ಪೂರ್ತಿ ಆವಿ ಬಿಡುತ್ತಿರುವ ಅತಿ ತಂಪಿನ ಹಸಿರು ಹೊಲ ಇನ್ನೊಂದು. ನಾನು ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಏಪ್ರಿಲ್‌ನ ಅದೇ ದಾರಿ. ತೆಲಸಂಗದ ಕಡೆಯ ಬಿರಿದ ಎರೆಯೂ ಕಾಗವಾಡದ ನೀರುಂಡ ಕಬ್ಬೂ ಒಂದೇ ಚಿತ್ರದಲ್ಲಿ ಅಡಗುವಷ್ಟು ಹತ್ತಿರವಿವೆ.

ಇನ್ನೂರು ವರ್ಷಗಳಲ್ಲಿ ಸಾಧನ ತಗಡಿನ ಪಾತ್ರೆಯಿಂದ ಉಪಗ್ರಹಕ್ಕೆ ಬಂದಿದೆ. ತರ್ಕ ಬದಲಾಗಿಲ್ಲ. ಡಾಲ್ಟನ್ ನೀರಿನ ಲೆಕ್ಕದಲ್ಲಿ ಶೇಷವನ್ನು ಹಿಡಿದ, ಉಪಗ್ರಹ ಶಾಖದ ಲೆಕ್ಕದಲ್ಲಿ ಶೇಷವನ್ನು ಹಿಡಿಯುತ್ತದೆ. ಕಾಣದ್ದನ್ನು ತಿಳಿಯಲು ಕಾಣುವುದೆಲ್ಲವನ್ನೂ ಪ್ರಾಮಾಣಿಕವಾಗಿ ಅಳೆದು ಕಳೆಯಬೇಕು. ಶೇಷಕ್ಕೆ ಒಂದು ಅಪಾಯವೂ ಇದೆ. ಬೇರೆ ಎಲ್ಲ ಅಳತೆಗಳ ತಪ್ಪು ಅದರೊಳಗೆ ಬಂದು ಕೂಡುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಶಾಖಚಿತ್ರದ ಒಂದು ಚುಕ್ಕೆ ನೂರು ಮೀಟರ್ ಅಗಲ, ನೂರು ಮೀಟರ್ ಉದ್ದ, ಅಂದರೆ ಸುಮಾರು ಎರಡೂವರೆ ಎಕರೆ. ನಮ್ಮಲ್ಲಿ ಅಷ್ಟರೊಳಗೆ ಮೂವರು ಅಣ್ಣತಮ್ಮಂದಿರ ಪಾಲು ಇರುತ್ತದೆ. ಮುಂಗಾರಿನ ಮೋಡ ಕವಿದರೆ ಚಿತ್ರವೇ ಇಲ್ಲ. ಮಣ್ಣಿನಿಂದ ನೇರವಾಗಿ ಹೋದದ್ದೆಷ್ಟು, ಬೆಳೆಯ ಎಲೆಯಿಂದ ಹೋದದ್ದೆಷ್ಟು ಎಂದು ಬೇರ್ಪಡಿಸುವುದು ಇಂದಿಗೂ ಕಷ್ಟ. ಎಲೆಯ ಮೂಲಕ ಹೋದ ನೀರು ಬೆಳೆಯ ದುಡಿಮೆ. ಬರಿನೆಲದಿಂದ ಹೋದದ್ದು ಬರಿದೆ ನಷ್ಟ. ಮೇಲಿನ ಕಣ್ಣಿಗೆ ನೆಲದ ಮೇಲಿನ ಗಾಳಿ, ಉಷ್ಣತೆಗಳ ನಂಬಿಗಸ್ತ ಅಂಕಿಗಳು ಬೇಕೇ ಬೇಕು. ಡಾಲ್ಟನ್ನನ ದಿನಚರಿಯ ಕೆಲಸ ಮುಗಿದಿಲ್ಲ.

ಈ ಅಂಕಿ ನಮಗೇಕೆ ಬೇಕು ಎಂಬ ಪ್ರಶ್ನೆಗೆ ನಮ್ಮ ಐದು ತಾಲೂಕುಗಳೇ ಉತ್ತರ ಹೇಳುತ್ತವೆ. ನಿಪ್ಪಾಣಿಯ ಕಡೆ ವೇದಗಂಗೆ, ದೂಧಗಂಗೆಯರಿದ್ದಾರೆ, ಸಹ್ಯಾದ್ರಿಯ ನೆರಳಿದೆ. ಚಿಕ್ಕೋಡಿ, ರಾಯಬಾಗಗಳಿಗೆ ಕೃಷ್ಣೆಯ ಜೊತೆಗೆ ಹಿಡಕಲ್ ಜಲಾಶಯದ ಕಾಲುವೆಯ ನೀರೂ ಉಂಟು. ಪೂರ್ವಕ್ಕೆ ಅಥಣಿಯ ಒಳನಾಡಿಗೆ ಬರುವಷ್ಟರಲ್ಲಿ ಮಳೆ ಗಣನೀಯವಾಗಿ ಇಳಿಯುತ್ತದೆ. ಆಕಾಶದ ದಾಹ ಮಾತ್ರ ಇಳಿಯುವುದಿಲ್ಲ, ಏರುತ್ತದೆ. ಒಂದು ಮಿಲಿಮೀಟರ್ ನೀರು ಆವಿಯಾಯಿತೆಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್ ಹೋಯಿತೆಂದು ಅರ್ಥ. ದಿನಕ್ಕೆ ಐದು ಮಿಲಿಮೀಟರ್ ಎಂದರೆ ಇಪ್ಪತ್ತು ಸಾವಿರ ಲೀಟರ್. ನಾಲೆಯ ತೂಬಿನಲ್ಲಿ ಒಂದು ತಾಸಿನ ಸರದಿಗಾಗಿ ಕೈಕೈ ಮಿಲಾಯಿಸುವ ನಾವು ಈ ಸೋರಿಕೆಯತ್ತ ತಲೆಯೆತ್ತಿಯೂ ನೋಡುವುದಿಲ್ಲ.

ಸವಳಿನ ಲೆಕ್ಕ ಇನ್ನೂ ಕಠೋರ. ಆವಿಯಾಗಿ ಏಳುವುದು ಶುದ್ಧ ನೀರು ಮಾತ್ರ, ಅದರಲ್ಲಿ ಕರಗಿದ ಲವಣ ಹಿಂದೆ ಉಳಿಯುತ್ತದೆ. ಹಾಯಿಸುವ ನೀರಿನಲ್ಲಿ ಲೀಟರಿಗೆ ಅರ್ಧ ಗ್ರಾಂ ಲವಣವಿದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಒಂದು ಮೀಟರ್ ನೀರು ಹಾಯಿಸಿದರೆ ಎಕರೆಗೆ ಎರಡು ಟನ್ ಉಪ್ಪನ್ನು ನಾವೇ ಹೊತ್ತು ತಂದಂತಾಗುತ್ತದೆ. ಕಬ್ಬಿಗೆ ಹವೆಗೆ ತಕ್ಕಂತೆ ಒಂದೂವರೆಯಿಂದ ಎರಡೂವರೆ ಮೀಟರ್ ನೀರು ಬೇಕೆನ್ನುತ್ತಾರೆ. ನೀರು ಬಸಿದು ಹೋಗುವ ನೆಲದಲ್ಲಿ ಲವಣವೂ ತೊಳೆದು ಹೋಗುತ್ತದೆ. ಬಸಿಯದ ಎರೆಯಲ್ಲಿ, ಅಗತ್ಯಕ್ಕಿಂತ ಹೆಚ್ಚು ಹಾಯಿಸಿದಾಗ, ಅಂತರ್ಜಲ ಮೇಲೇರಿ ಬೇರಿನ ಸಮೀಪಕ್ಕೆ ಬರುತ್ತದೆ. ಆಮೇಲೆ ಮಣ್ಣು ದೀಪದ ಬತ್ತಿಯಂತೆ ಕೆಳಗಿನಿಂದ ನೀರೆಳೆದು ಬಿಸಿಲಿಗೆ ಕೊಡುತ್ತಲೇ ಇರುತ್ತದೆ. ಎಣ್ಣೆ ಉರಿದು ಹೋಗುತ್ತದೆ, ಕಿಟ್ಟ ಉಳಿಯುತ್ತದೆ. ನಮ್ಮ ಎರಡು ಎಕರೆಯ ಬಿಳಿ ಪೊರೆ ಅಂಥ ಕಿಟ್ಟ. ಅದಕ್ಕೆ ನದಿಯನ್ನಾಗಲಿ ದೈವವನ್ನಾಗಲಿ ದೂರಲು ನನಗೆ ಮನಸ್ಸಿಲ್ಲ. ಮೋಟಾರು ನಮ್ಮದೇ, ಗುಂಡಿ ಒತ್ತಿದ ಕೈಯೂ ನಮ್ಮದೇ. ಬೆಳೆಗೆ ಎಷ್ಟು ಬೇಕು ಎಂಬ ಅಂಕಿ ನಮ್ಮಲ್ಲಿ ಇರಲಿಲ್ಲ, ಕರೆಂಟು ಇರುವಷ್ಟು ಹೊತ್ತು ಎಂಬುದೇ ಅಳತೆಯಾಗಿತ್ತು.

ಒಣಭೂಮಿಯ ರೈತನಿಗೆ ಈ ತಿಳಿವಳಿಕೆ ಹೊಸದಲ್ಲ. ಅಥಣಿಯ ಎರೆಯಲ್ಲಿ ಹಿಂಗಾರಿ ಜೋಳ ಬೆಳೆಯುವುದು ಮುಖ್ಯವಾಗಿ ನೆಲದೊಳಗೆ ಕೂಡಿಟ್ಟ ಹಸಿಯಿಂದ. ಬಿರುಕು ಬಿಡುವ ಮೊದಲೇ ಎಡೆಕುಂಟೆ ಹೊಡೆದು ಮೇಲೆ ಒಂದು ಪದರ ಒಣ ಪುಡಿಮಣ್ಣು ಹರಡಿದರೆ ಕೆಳಗಿನ ಹಸಿ ಉಳಿಯುತ್ತದೆ ಎಂದು ಅವನು ತಲೆತಲಾಂತರದಿಂದ ಬಲ್ಲ. 1930ರ ದಶಕದಲ್ಲಿ ವಿಜಾಪುರ, ಸೊಲ್ಲಾಪುರ, ರಾಯಚೂರು, ಹಗರಿಗಳಲ್ಲಿ ಆರಂಭವಾದ ಒಣಬೇಸಾಯ ಸಂಶೋಧನಾ ಕೇಂದ್ರಗಳು ಒಡ್ಡು, ಉಳುಮೆ, ಎಡೆಕುಂಟೆಗಳನ್ನು ಅಳತೆಗೆ ಒಳಪಡಿಸಿದವು. ಮಣ್ಣಿನ ಮೈ ಹಸಿಯಿರುವಾಗ ಆಕಾಶ ಕೇಳಿದಷ್ಟನ್ನೂ ಅದು ಕೊಡುತ್ತದೆ. ಮೈ ಒಣಗಿದ ಮೇಲೆ ಕೊಡುವುದು ಕಡಿಮೆಯಾಗುತ್ತದೆ ಎಂದು ವಿಜ್ಞಾನ ಇಂದು ವಿವರಿಸುತ್ತದೆ. ಕುಂಟೆಯ ಕೆಲಸ ಆ ಎರಡನೆಯ ಹಂತವನ್ನು ಬೇಗ ತರುವುದು. ವಿಪರ್ಯಾಸವೆಂದರೆ ನೀರಿಲ್ಲದವನಿಗೆ ಗೊತ್ತಿದ್ದ ಈ ಪಾಠವನ್ನು ನೀರು ಬಂದ ನಾವು ಮರೆತೆವು.

ಎರಡು ಬೇಸಿಗೆಯ ಹಿಂದೆ ನಾನೂ ಡಾಲ್ಟನ್ನನಂತೆ ಒಂದು ಪಾತ್ರೆ ಹೂತೆ. ಹಳೆಯ ಎಣ್ಣೆಯ ಡ್ರಮ್ಮು, ತಳಕ್ಕೊಂದು ನಳಿಗೆ, ಪಕ್ಕದಲ್ಲಿ ಮಳೆಮಾಪಕ. ಮೊದಲ ವರ್ಷ ಸೋತೆ. ಎರೆಮಣ್ಣು ಒಣಗಿ ಕುಗ್ಗಿ ಡ್ರಮ್ಮಿನ ಗೋಡೆಯಿಂದ ದೂರ ಸರಿದಿತ್ತು. ಮೊದಲ ಮಳೆಯ ನೀರು ಆ ಸಂದಿಯಿಂದ ನೇರ ಸೀಸೆಗೆ ಇಳಿಯಿತು. ಎರಡನೆಯ ವರ್ಷ ಅಂಚನ್ನು ಸರಿಮಾಡಿದೆ. ಆದರೆ ಮನೆಯ ಮದುವೆಯ ಗದ್ದಲದಲ್ಲಿ ಹನ್ನೊಂದು ದಿನ ಸೀಸೆ ನೋಡಲಿಲ್ಲ, ಅದು ತುಂಬಿ ಚೆಲ್ಲಿತ್ತು. ಐವತ್ತೇಳು ವರ್ಷಗಳ ದಿನಚರಿಯ ತೂಕ ಅಂದು ನನಗೆ ಅರಿವಾಯಿತು. ಈ ವರ್ಷ ಲೆಕ್ಕ ಮತ್ತೆ ಮೊದಲಿನಿಂದ ನಡೆದಿದೆ. ಊರಿನ ಶಾಲೆಯ ಇಬ್ಬರು ಮಕ್ಕಳು ಬೆಳಿಗ್ಗೆ ಬಂದು ಅಂಕಿ ಬರೆದುಕೊಳ್ಳುತ್ತಾರೆ, ನನಗಿಂತ ಶಿಸ್ತಿನವರು.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಬಿದ್ದ ಮಳೆ ಎಷ್ಟೆಂದು ಊರಿನವರಿಗೆ ತಿಳಿಸುವಂತೆ, ಈ ವಾರ ನಿಮ್ಮ ನೆಲದಿಂದ ಎದ್ದು ಹೋದದ್ದು ಇಷ್ಟು, ಆದ್ದರಿಂದ ಹಾಯಿಸಬೇಕಾದದ್ದು ಇಷ್ಟೇ ಎಂಬ ಒಂದು ಅಂಕಿಯನ್ನೂ ಅದರ ಪಕ್ಕದಲ್ಲಿ ಬರೆದರೆ ಸಾಕು. ಕೃಷ್ಣೆಯ ದಂಡೆಯಲ್ಲಿ ಉಳಿದ ನೀರು ಅಥಣಿಯ ಒಳನಾಡಿಗೆ ತಾನಾಗಿ ಹರಿಯುವುದಿಲ್ಲ, ಅದು ಬೇರೆ ಪ್ರಯತ್ನದ ಮಾತು. ಆದರೆ ಉಳಿದದ್ದೆಷ್ಟೆಂದು ಗೊತ್ತಿಲ್ಲದೆ ಹಂಚಿಕೆಯ ಮಾತೂ ಹುಟ್ಟುವುದಿಲ್ಲ.

ಡಾಲ್ಟನ್ನನಿಗೆ 1837ರಲ್ಲಿ ಪಾರ್ಶ್ವವಾಯು ಬಡಿಯಿತು, ಮರುವರ್ಷ ಮತ್ತೊಮ್ಮೆ. ಮಾತು ತೊದಲಿತು, ದಿನಚರಿ ನಿಲ್ಲಲಿಲ್ಲ. 1844ರ ಜುಲೈ 26ರಂದು ನಡುಗುವ ಕೈಯಿಂದ ಅಂದಿನ ಹವೆಯನ್ನು ನಮೂದಿಸಿದ. ಮರುದಿನ ಬೆಳಿಗ್ಗೆ ತೀರಿಕೊಂಡ. ಸರಳತೆಯ ಪಂಥದವನ ಅಂತಿಮ ದರ್ಶನಕ್ಕೆ ನಲವತ್ತು ಸಾವಿರ ಜನ ಸಾಲುಗಟ್ಟಿದರಂತೆ. ಸಂಘ ಜೋಪಾನವಾಗಿಟ್ಟಿದ್ದ ಅವನ ಹಸ್ತಪ್ರತಿಗಳ ಬಹುಭಾಗ 1940ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಮೇಲೆ ಬಿದ್ದ ಬಾಂಬುಗಳಿಗೆ ಆಹುತಿಯಾಯಿತು. ಅಂಚು ಸುಟ್ಟ ಕೆಲವು ಹಾಳೆಗಳು ಆ ನಗರದ ಗ್ರಂಥಾಲಯವೊಂದರಲ್ಲಿ ಉಳಿದಿವೆ.

ಇಂದು ಬೆಳಿಗ್ಗೆ ನಮ್ಮ ಹೊಲದ ಸೀಸೆಯಲ್ಲಿ ನೀರಿರಲಿಲ್ಲ. ಮಳೆಮಾಪಕವೂ ಒಣಗಿತ್ತು. ಎರಡು ಸೊನ್ನೆಗಳನ್ನು ಬರೆಯಬೇಕೇ ಎಂದು ಹುಡುಗಿ ಕೇಳಿದಳು. ಬರೆಯಬೇಕು ಎಂದೆ. ಸೊನ್ನೆಯೂ ಒಂದು ಅಂಕಿಯೇ.